ಹದಿಮೂರು ಎಲೆ, ಇಪ್ಪತ್ತು ಅಂಕ

ಬೇಸಿಗೆ ರಜೆ ಬಂತೆಂದರೆ ನಾನು ಊಟದ ಪಾತ್ರೆ ತೊಳೆದಿಟ್ಟು ಕೈ ಒರೆಸಿಕೊಳ್ಳೋ ಹೊತ್ತಿಗೆ ನಮ್ಮ ನಡುಮನೆಯಲ್ಲಿ ಜಮಖಾನ ಬಿದ್ದಿರುತ್ತೆ. ಹೊರಗೆ ಕಾಲಿಡಲಾಗದ ಬಿಸಿಲು. ನಮ್ಮತ್ತೆ ಗೋಡೆಗೊರಗಿ, ಕಾಲು ಚಾಚಿ, ಕನ್ನಡಕ ಏರಿಸಿಕೊಂಡು ಕೂತಿರ್ತಾರೆ. "ಬೇಗ ಬಾರೇ, ಎಲೆ ಹಂಚಿಯಾಯ್ತು" ಅಂತ ಅವರದೇ ಕೂಗು.

"ಅಯ್ಯೋ, ಇಸ್ಪೀಟೇ?" ಎಂದು ಮೂಗಿನ ಮೇಲೆ ಬೆರಳಿಡಬೇಡಿ. ಹೊಸದಾಗಿ ಈ ಮನೆಗೆ ಬಂದಾಗ ನಾನೂ ಹಾಗೇ ಬೆರಳಿಟ್ಟವಳು. ನನ್ನ ತವರಿನಲ್ಲಿ ಇಸ್ಪೀಟು ಕಟ್ಟನ್ನು ಹೊಸ್ತಿಲು ದಾಟಿಸೋ ಹಾಗಿರಲಿಲ್ಲ. ಇಲ್ಲಿ ನೋಡಿದರೆ ಶಿವರಾತ್ರಿ ಜಾಗರಣೆಗೆ ಅತ್ತೆಯೇ ಎಲೆ ಕಲೆಸ್ತಾ ಕೂತಿದ್ದರು! ಆ ರಾತ್ರಿ ಅವರು ಕಲಿಸಿದ ರಮ್ಮಿಯನ್ನೇ ಈಗ ನನ್ನ ಮಕ್ಕಳೂ ಆಡ್ತಾರೆ. ನಮ್ಮಲ್ಲಿ ಪಣ ಅಂದರೆ ಹುಣಸೆ ಬೀಜ, ಕಾಸಿನ ಮಾತೇ ಇಲ್ಲ. ಯಾಕಿಲ್ಲ ಅನ್ನೋದನ್ನು ಕೊನೆಗೆ ಹೇಳ್ತೀನಿ. "ರಜೆಯಲ್ಲಿ ಮಕ್ಕಳ ಕೈಯಿಂದ ಫೋನು ಬಿಡಿಸೋದು ಹೇಗೆ?" ಎಂದು ಕೇಳೋ ಅಕ್ಕತಂಗಿಯರೇ, ಮೊದಲು ಆಟ ಕಲಿಯಿರಿ.

ಆಡುವುದು ಹೇಗೆ?

ಇಬ್ಬರಿಂದ ಆರು ಜನರವರೆಗೆ ಆಡಬಹುದು. ಎರಡು ಕಟ್ಟು ಸೇರಿಸಿದರೆ 104 ಎಲೆ. ಕಟ್ಟಿಗೊಂದರಂತೆ ಎರಡು ಚಿತ್ರದ ಜೋಕರ್ ಹಾಕಿದರೆ 106. ಚೆನ್ನಾಗಿ ಕಲೆಸಿ ತಲೆಗೆ 13 ಎಲೆ ಹಂಚಿ. ಉಳಿದ ಕಟ್ಟನ್ನು ಕವುಚಿ ಮಧ್ಯದಲ್ಲಿಟ್ಟು, ಒಂದು ಎಲೆಯನ್ನು ಪಕ್ಕದಲ್ಲಿ ತೆರೆದಿಡಿ. ಇನ್ನೊಂದು ಎಲೆ ಎತ್ತಿ ಎಲ್ಲರಿಗೂ ತೋರಿಸಿ ಕಟ್ಟಿನ ಅಡಿಗೆ ಸೇರಿಸಿ. ಅದು ಆ ಆಟದ ಜೋಕರ್. ಐದು ಬಂದರೆ ಯಾವ ಬಣ್ಣದ ಐದಾದರೂ ಜೋಕರೇ. ಅಲ್ಲಿ ಚಿತ್ರದ ಜೋಕರೇ ಬಂದರೆ ಎಕ್ಕಗಳೆಲ್ಲ ಜೋಕರ್ ಆಗುತ್ತವೆ.

ಸರದಿ ಬಂದಾಗ ಒಂದು ಎಲೆ ಎತ್ತಬೇಕು, ಒಂದು ಎಸೆಯಬೇಕು. ಮುಚ್ಚಿದ ಕಟ್ಟಿನಿಂದಲಾದರೂ ಎತ್ತಿ, ಹಿಂದಿನವರು ಎಸೆದದ್ದನ್ನಾದರೂ ಎತ್ತಿ. ಕೈಯಲ್ಲಿರೋದನ್ನೆಲ್ಲ ಜೋಡಿಸಿ ಮುಗಿಸಬೇಕು. ಜೋಡಣೆ ಎರಡು ಬಗೆ. ಒಂದೇ ಬಣ್ಣದಲ್ಲಿ ಸಾಲಾಗಿ ಮೂರು ಅಥವಾ ಹೆಚ್ಚು ಎಲೆ ಬಂದರೆ, ಅಂದರೆ ಆಟೀನಿನ 6, 7, 8 ಇದ್ದಂತೆ, ಅದು ಸೀಕ್ವೆನ್ಸ್. ಬೇರೆ ಬೇರೆ ಬಣ್ಣದ ಒಂದೇ ಅಂಕಿಯ ಮೂರು ಅಥವಾ ನಾಲ್ಕು ಎಲೆ ಸೇರಿದರೆ ಸೆಟ್ಟು. ಎಕ್ಕ ಎರಡು, ಮೂರರ ಹಿಂದೆಯೂ ಕೂರುತ್ತೆ, ರಾಣಿ, ರಾಜನ ಮುಂದೆಯೂ ಕೂರುತ್ತೆ. ಆದರೆ ರಾಜ, ಎಕ್ಕ, ಎರಡು ಅಂತ ಸುತ್ತಿ ಬರೋ ಹಾಗಿಲ್ಲ.

ಕಡ್ಡಾಯ ಏನೆಂದರೆ ಎರಡು ಸೀಕ್ವೆನ್ಸ್ ಇರಲೇಬೇಕು. ಅದರಲ್ಲಿ ಒಂದಾದರೂ ಜೋಕರಿನ ಸಹಾಯವಿಲ್ಲದ್ದು, ಶುದ್ಧವಾದದ್ದು. ಎಲ್ಲ ಜೋಡಿಸಿ, ಹದಿನಾಲ್ಕನೆಯ ಎಲೆಯನ್ನು ಕವುಚಿಟ್ಟು "ಶೋ" ಅಂದವರು ಗೆದ್ದರು. ಅವರಿಗೆ ಸೊನ್ನೆ. ಉಳಿದವರು ಜೋಡಿಯಾಗದ ಎಲೆ ಎಣಿಸಬೇಕು. ಎಕ್ಕ, ರಾಜ, ರಾಣಿ, ಗುಲಾಮನಿಗೆ ಹತ್ತತ್ತು, ಬೇರೆಯವಕ್ಕೆ ಅವುಗಳ ಅಂಕಿ, ಜೋಕರಿಗೆ ಸೊನ್ನೆ. ಶುದ್ಧ ಸೀಕ್ವೆನ್ಸ್ ಇಲ್ಲದಿದ್ದರೆ ಕೈಯಲ್ಲಿರೋದೆಲ್ಲ ಲೆಕ್ಕಕ್ಕೆ ಬರುತ್ತೆ, ಹೆಚ್ಚೆಂದರೆ 80. ತಪ್ಪು ಶೋ ಮಾಡಿದವರಿಗೂ 80 ಬೀಳುತ್ತೆ. ಹೀಗೆ ಕೂಡುತ್ತಾ 101 ಮುಟ್ಟಿದವರು ಆಟದಿಂದ ಹೊರಗೆ.

ಗೆಲ್ಲುವ ಗುಟ್ಟು

ಮೊದಲು ಶುದ್ಧ ಸೀಕ್ವೆನ್ಸ್. ಅದಾಗೋ ತನಕ ಕೈಯಲ್ಲಿ ಮೂರು ಜೋಕರ್ ಇದ್ದರೂ ಹಿಗ್ಗಬೇಡಿ. ಒಗ್ಗರಣೆಗೆ ಎಲ್ಲ ಇದೆ, ಬೇಳೆಯೇ ಬೆಂದಿಲ್ಲ ಅಂದಹಾಗೆ ಅದು.

ಕಾಯೋದಾದರೆ ಎಣಿಸಿ ಕಾಯಿರಿ. ಆಟೀನಿನ 6, 7 ಇದ್ದರೆ ಐದೂ ಆಗುತ್ತೆ, ಎಂಟೂ ಆಗುತ್ತೆ. ಎರಡು ಕಟ್ಟಿನಿಂದ ಒಟ್ಟು ನಾಲ್ಕು ಎಲೆ. ಅದೇ 6, 8 ಇಟ್ಟುಕೊಂಡು ಕೂತರೆ ಏಳೊಂದೇ ಆಗಬೇಕು, ಇರೋದು ಎರಡೇ. ಇನ್ನು ಆಟೀನಿನ 7, 8 ಜೊತೆಗೆ ಇಸ್ಪೀಟಿನ 7 ಇದ್ದರೆ? ಆಟೀನಿನ 6 ಅಥವಾ 9 ಬಂದರೆ ಸೀಕ್ವೆನ್ಸ್, ಡೈಮಂಡಿನ ಅಥವಾ ಕಳಾವರಿನ 7 ಬಂದರೆ ಸೆಟ್ಟು. ಒಟ್ಟು ಎಂಟು ಎಲೆ ನಿಮ್ಮ ಪಾಲಿಗಿದೆ. ಇಂಥ ಮೂರೆಲೆಯನ್ನು ಮುರಿಯಬೇಡಿ.

ದೊಡ್ಡ ಎಲೆಯ ಮೋಹ ಬಿಡಿ. ಒಂಟಿ ರಾಜ, ಒಂಟಿ ಎಕ್ಕ ಕೂತಲ್ಲೇ ಹತ್ತತ್ತು ಅಂಕ ತಿನ್ನುತ್ತೆ. ಏಳು ಮೂರು ಬಗೆಯ ಸಾಲಿಗೆ ಸೇರುತ್ತೆ, ರಾಜನಿಗೆ ಎರಡೇ ಬಗೆ. ಎರಡು ಮೂರು ಸುತ್ತಿನಲ್ಲಿ ಜೊತೆ ಸಿಗದಿದ್ದರೆ ಎಸೆದುಬಿಡಿ.

ಜೋಕರ್ ಪಕ್ಕದ ಎಲೆ ನೋಡಿ. ಏಳು ಜೋಕರ್ ಆಗಿದ್ದರೆ ಸಿಕ್ಕ ಏಳನ್ನು ಯಾರೂ ಕೈಬಿಡೋದಿಲ್ಲ, ಅದನ್ನು ಬೇರೆ ಕಡೆ ಬಳಸಿಕೊಳ್ತಾರೆ. ಹಾಗಾಗಿ ಆರು, ಎಂಟನ್ನು ಎಸೆದರೆ ಇನ್ನೊಬ್ಬರಿಗೆ ಉಪಯೋಗವಾಗೋದು ಕಡಿಮೆ. ನೀವೂ 5, 6 ಹಿಡಿದು ಏಳಕ್ಕಾಗಿ ಕಾಯಬೇಡಿ. ಹಾಗೇ ಒಂದು ಮಾತು: ಜೋಕರ್ ಆದ ಎಲೆ ತನ್ನ ಬಣ್ಣದ ಸಾಲಿನಲ್ಲಿ ತನ್ನ ಜಾಗದಲ್ಲೇ ಕೂತರೆ ಅದು ಶುದ್ಧವೇ.

ಕಣ್ಣು ಬೇರೆಯವರ ಕೈ ಮೇಲಿರಲಿ. ನಿಮ್ಮ ನಂತರ ಆಡೋರು ತೆರೆದ ಕಡೆಯಿಂದ ಕಳಾವರ್ 9 ಎತ್ತಿಕೊಂಡರೆ, ಆಮೇಲೆ ನೀವು ಕಳಾವರ್ 8 ಅಥವಾ 10 ಎಸೆಯೋದು ಕರೆದು ಊಟಕ್ಕಿಟ್ಟ ಹಾಗೆ. ನೀವು ತೆರೆದ ಎಲೆ ಎತ್ತಿದರೂ ಅಷ್ಟೇ, ನಿಮ್ಮ ಗುಟ್ಟು ಎಲ್ಲರಿಗೂ ತಿಳಿಯಿತು. ಸೀಕ್ವೆನ್ಸ್ ಆಗೋ ಹಾಗಿದ್ದರೆ ಮಾತ್ರ ಎತ್ತಿ.

ಕೈ ಬಿಡೋದೂ ಆಟವೇ

ಇದೇ ಮುಖ್ಯವಾದ ಮಾತು. ಎಲೆ ಕೆಟ್ಟದಾಗಿದ್ದರೆ ಒಂದನ್ನೂ ಎತ್ತದೆ "ಡ್ರಾಪ್" ಅನ್ನಬಹುದು, 20 ಅಂಕ ಬೀಳುತ್ತೆ. ಒಂದು ಸುತ್ತು ಆಡಿದ ಮೇಲೆ ಬಿಟ್ಟರೆ 40. ಜೋಕರಿಲ್ಲ, ಶುದ್ಧ ಸೀಕ್ವೆನ್ಸಿನ ಸುಳಿವಿಲ್ಲ, ನಾಲ್ಕೈದು ದೊಡ್ಡ ಎಲೆ ಒಂಟೊಂಟಿಯಾಗಿ ನಿಂತಿವೆ ಅಂದರೆ ಮುಖ ನೋಡದೆ ಬಿಡಿ. ಲೆಕ್ಕ ಹಾಕಿ ನೋಡಿ. ಐದು ಸಲ ಡ್ರಾಪ್ ಮಾಡಿದರೂ ಆಗೋದು 100, ನೀವಿನ್ನೂ ಆಟದಲ್ಲೇ ಇರ್ತೀರಿ. ಹಟ ಹಿಡಿದು ಒಂದು ಸಲ 80 ತಿಂದರೆ ಆಮೇಲೆ ಉಳಿಯೋದು ಒಂದೇ ಡ್ರಾಪು. 80 ದಾಟಿತೋ, ಅದೂ ಇಲ್ಲ.

2023ರ ದಸರಾ ರಜೆಗೆ ನನ್ನ ತಂಗಿಯ ಮಗ ನಮ್ಮ ಮನೆಗೆ ಬಂದಿದ್ದ. ಇಂಜಿನಿಯರಿಂಗ್ ಓದ್ತಿದ್ದ ಹುಡುಗ. ಅವನ ಒಪ್ಪಿಗೆ ಕೇಳಿಯೇ ಬರೀತಿದ್ದೀನಿ, ಹೆಸರು ಬೇಡ. ಜಮಖಾನದ ಮೇಲೆ ಕೂತ. ಮೊದಲ ಆಟಕ್ಕೆ 38 ತಿಂದ. ಎರಡನೆಯದಕ್ಕೆ ಎಲೆ ನೋಡಿ ಮುಖ ಸಣ್ಣಗಾಯಿತು, ಆದರೂ ಬಿಡಲಿಲ್ಲ. 80 ಬಿತ್ತು. ಎರಡೇ ಆಟಕ್ಕೆ ಹೊರಗೆ! "ಇನ್ನೊಂದು ಸಲ ಹಂಚಿ, ಇನ್ನೊಂದೇ ಸಲ" ಅಂತ ಒಂದೇ ಸಮನೆ ಕೇಳತೊಡಗಿದ. ಆಡ್ತಿದ್ದದ್ದು ಹುಣಸೆ ಬೀಜಕ್ಕೆ, ಅವನ ಕೈ ಮಾತ್ರ ನಡುಗ್ತಿತ್ತು.

ನಮ್ಮತ್ತೆ ಎಲೆ ಕೆಳಗಿಟ್ಟು ಅವನನ್ನೇ ನೋಡಿದರು. "ಮಗೂ, ಕೆಟ್ಟ ಎಲೆ ಬಂದದ್ದು ನಿನ್ನ ತಪ್ಪಲ್ಲ. ಅದನ್ನ ಹಿಡ್ಕೊಂಡು ಕೂತಿದ್ದು ನಿನ್ನ ತಪ್ಪು" ಅಂದರು. ಅಷ್ಟೇ. ಹುಡುಗ ಎದ್ದು ಹಿತ್ತಲಿಗೆ ಹೋದ.

ರಾತ್ರಿ ನಾನು ಹಾಲಿಗೆ ಹೆಪ್ಪು ಹಾಕ್ತಿದ್ದಾಗ ಅಡುಗೆಮನೆ ಬಾಗಿಲಲ್ಲಿ ಬಂದು ನಿಂತ. "ದೊಡ್ಡಮ್ಮ, ಹಾಸ್ಟೆಲ್ ಫೀಸು ಕಟ್ಟಿಲ್ಲ" ಅಂದ. ಅಪ್ಪ ಕಳಿಸಿದ್ದ ನಲವತ್ತೆರಡು ಸಾವಿರ ಫೋನಿನ ರಮ್ಮಿಯಲ್ಲಿ ಹೋಗಿತ್ತು. ಮೊದಲು ಹೋದದ್ದು ಮೂರು ಸಾವಿರ ಅಂತೆ. ಅದನ್ನು ವಾಪಸು ತರಬೇಕೆಂದು ಉಳಿದದ್ದನ್ನೂ ಹಾಕಿದ್ದ. ನನ್ನ ತಂಗಿ ಬಳೆ ಅಡವಿಟ್ಟು ಫೀಸು ಕಟ್ಟಿದಳು. ಈಗ ಅವನು ಕೆಲಸಕ್ಕೆ ಸೇರಿದ್ದಾನೆ. ಮೊದಲ ಸಂಬಳಗಳಲ್ಲಿ ಬಿಡಿಸಿಕೊಟ್ಟದ್ದು ಆ ಬಳೆಗಳನ್ನೇ.

ರಮ್ಮಿ ಮುಖ್ಯವಾಗಿ ಜಾಣ್ಮೆಯ ಆಟ ಎಂದು ಸುಪ್ರೀಂ ಕೋರ್ಟು 1967ರಲ್ಲೇ ಹೇಳಿದೆ. ಸರಿಯೇ, ಮೇಲೆ ನೋಡಿದಿರಲ್ಲ, ಎಷ್ಟೊಂದು ಲೆಕ್ಕ! ಆದರೆ ಜಾಣ್ಮೆಯ ಆಟವೆಂದ ಮಾತ್ರಕ್ಕೆ ಆಡೋರೆಲ್ಲ ಜಾಣರಾಗಿ ಉಳಿಯೋದಿಲ್ಲ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು, ಜಾಣ್ಮೆಯದಾಗಲಿ ಅದೃಷ್ಟದ್ದಾಗಲಿ, ನಿಷೇಧಿಸುವ ಕಾನೂನನ್ನು ಸಂಸತ್ತು 2025ರ ಆಗಸ್ಟಿನಲ್ಲಿ ಮಾಡಿತು. ಕಾನೂನು ಅದರ ಕೆಲಸ ಮಾಡಲಿ, ಮನೆಯಲ್ಲಿ ನಾವು ಮಾಡೋದೂ ಒಂದಿದೆ. ನಡುಮನೆಯ ಆಟ ಕಾಫಿ ಹೊತ್ತಿಗೆ ನಿಲ್ಲುತ್ತೆ. ಸೋತವರ ಮುಖ ಎಲ್ಲರಿಗೂ ಕಾಣುತ್ತೆ, "ಸಾಕೇಳು" ಅನ್ನೋರು ಪಕ್ಕದಲ್ಲೇ ಇರ್ತಾರೆ. ಫೋನಿನಲ್ಲಿ ರಾತ್ರಿ ಎರಡು ಗಂಟೆಗೆ ಹಾಗನ್ನೋರು ಯಾರೂ ಇರಲಿಲ್ಲ ಅಂತ ಹುಡುಗ ಹೇಳಿದ ಮಾತು ನನ್ನ ಮನಸ್ಸಿನಿಂದ ಹೋಗಿಲ್ಲ.

ಅದಕ್ಕೇ ನಮ್ಮಲ್ಲಿ ಹುಣಸೆ ಬೀಜ. ಮಕ್ಕಳಿಗೆ ಆಟ ಕಲಿಸುವಾಗ ಶೋ ಮಾಡೋದರ ಜೊತೆಗೆ ಡ್ರಾಪ್ ಮಾಡೋದನ್ನೂ ಕಲಿಸಿ. ಬಿಟ್ಟವರನ್ನು ಯಾರೂ ಹಂಗಿಸಬಾರದು. ನಮ್ಮ ಮನೆಯಲ್ಲಿ ಸರಿಯಾದ ಹೊತ್ತಿಗೆ ಡ್ರಾಪ್ ಮಾಡಿದವರಿಗೆ ಅತ್ತೆ ತಮ್ಮ ಪಾಲಿನಿಂದ ಒಂದು ಬೀಜ ಕೊಡ್ತಾರೆ. ಶೋ ಮಾಡಿದವರಿಗೆ ಅವರಿಂದ ಏನೂ ಇಲ್ಲ!

ಕಡೆಗೊಂದು ಕಿವಿಮಾತು. ಆಟದ ನಡುವೆ ಕೋಡುಬಳೆ, ಚಕ್ಕುಲಿ ತಟ್ಟೆ ಇಡಬೇಡಿ, ಎಣ್ಣೆ ಕೈ ತಾಗಿ ಎಲೆ ಅಂಟಿಕೊಳ್ಳುತ್ತೆ. ಅಂಟಿದ್ದರೆ ಒಣ ಬಟ್ಟೆಯಲ್ಲಿ ಒರೆಸಿ, ಚಿಟಿಕೆ ಮುಖದ ಪೌಡರ್ ಸವರಿ ಕಲೆಸಿ. ಮತ್ತೆ ಹೊಸದರ ಹಾಗೆ ಜಾರುತ್ತೆ. ತಿಂಡಿ ಆಟ ಮುಗಿದ ಮೇಲೆ, ಗೆದ್ದವರಿಗೂ ಸೋತವರಿಗೂ ಒಂದೇ ತಟ್ಟೆಯಲ್ಲಿ.