ರೋಗಿ ಕೇಳುತ್ತಾನೆ, ಜಾಹೀರಾತು ಉತ್ತರಿಸುತ್ತದೆ!

ಹತ್ತಿ ಗಿರಣಿಯ ಕಾರ್ಡಿಂಗ್ ವಿಭಾಗದಲ್ಲಿ ವರ್ಷಗಟ್ಟಲೆ ದುಡಿದವನಿಗೆ, ವಾರದ ರಜೆ ಮುಗಿಸಿ ಮತ್ತೆ ಕೆಲಸಕ್ಕೆ ಹೋದ ದಿನವೇ ಎದೆ ಬಿಗಿಯುತ್ತದೆ; ಉಸಿರು ಸಾಲದಾಗುತ್ತದೆ. ಮಾರನೆಯ ದಿನ ಕೊಂಚ ಹಗುರ. ರಾತ್ರಿ ಮನೆಗೆ ಬಂದು ಮಗಳ ಕೈಯಲ್ಲಿ ಮೊಬೈಲಿನಲ್ಲಿ 'ಎದೆ ಬಿಗಿತ, ಕೆಮ್ಮು, ಔಷಧ' ಎಂದು ಹುಡುಕಿಸುತ್ತಾನೆ. ಸಿಗುವುದೇನು? ಕಫದ ಸಿರಪ್ಪು, ಎದೆಗೆ ಹಚ್ಚುವ ಮುಲಾಮು, ಬೀಡಿ ಬಿಡಿರೆಂಬ ಉಪದೇಶ. ಬೀಡಿ ಬಿಡಬೇಕಾದದ್ದು ನಿಜವೇ. ಆದರೆ ಹತ್ತಿಯ ದೂಳಿನ ಮಾತೆಲ್ಲಿ?

ಈ ರೋಗಕ್ಕೆ ಬಿಸಿನೋಸಿಸ್ ಎಂದು ಹೆಸರು. ಬಹುಕಾಲ ದೂಳು ಕುಡಿದರೆ ಶ್ವಾಸಕೋಶಕ್ಕೆ ಶಾಶ್ವತ ಹಾನಿಯಾಗಬಹುದು. ನಮ್ಮ ಕಾನೂನು ಇದನ್ನು ಉದ್ಯೋಗದಿಂದ ಬರುವ ರೋಗಗಳ ಪಟ್ಟಿಯಲ್ಲಿ ಸೇರಿಸಿದೆ. ರೋಗ ಸಾಬೀತಾದರೆ ಪರಿಹಾರ ಕೇಳುವ ಹಕ್ಕಿದೆ. ಬರೀ 'ಕೆಮ್ಮು' ಎಂದರೆ ಖರ್ಚು ಕಾರ್ಮಿಕನದು. 'ಬಿಸಿನೋಸಿಸ್' ಎಂದರೆ ಹೊಣೆ ಮಾಲೀಕನದು, ಇಲ್ಲವೆ ಇ.ಎಸ್.ಐ.ಯದು. ಒಂದು ಪದದಲ್ಲಿ ಎಷ್ಟು ಅಂತರ!

ರೋಗಿಯನ್ನು 'ನಿನ್ನ ಕಸುಬೇನು?' ಎಂದು ಕೇಳಿರೆಂದು ಇಟಲಿಯ ವೈದ್ಯ ರಾಮಾಜೀನಿ 1700ರಲ್ಲಿಯೇ ವೈದ್ಯರಿಗೆ ಹೇಳಿದ. ಮೊಬೈಲು ಆ ಪ್ರಶ್ನೆ ಕೇಳುವುದಿಲ್ಲ. ಗೂಗಲಿನ ಆದಾಯದ ಬಹುಪಾಲು ಜಾಹೀರಾತಿನದು. ಹಣ ಕೊಟ್ಟವನ ಮಾತು ಮೇಲಕ್ಕೆ ಬರುತ್ತದೆ, ಪಕ್ಕದಲ್ಲಿ 'ಪ್ರಾಯೋಜಿತ' ಎಂಬ ಸಣ್ಣ ಅಕ್ಷರ.

ಅಂಗಡಿಯ ಗಲ್ಲಾದ ಮೇಲೆ ಕುಳಿತ ವರ್ತಕ ಬಂಧುಗಳ ಪಾಡೂ ಬೇರೆಯಲ್ಲ. ಸಕ್ಕರೆ ಕಾಯಿಲೆ ಬುಡಸಮೇತ ಹೋಗುತ್ತದೆಂಬ ಪುಡಿಯನ್ನು ಅವರಿಗೂ ಮಾರುತ್ತಾರೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಕ್ಯಾನ್ಸರ್ ವಾಸಿಮಾಡುತ್ತೇವೆಂಬ ಜಾಹೀರಾತನ್ನು 1954ರ ಕಾಯಿದೆಯೇ ನಿಷೇಧಿಸಿದೆ. ಗೋಡೆಯ ಮೇಲೆ ಬರೆದರೆ ಅಪರಾಧ, ಮೊಬೈಲಿನಲ್ಲಿ ತೋರಿಸಿದರೆ ವ್ಯಾಪಾರವೋ?

'ಮೊಬೈಲು ನೋಡಿ ವೈದ್ಯನಾಗಬೇಡ' ಎಂದು ಗದರುವ ಮಹನೀಯರಿದ್ದಾರೆ. ಸ್ವಾಮಿ, ರೋಗಿ ವೈದ್ಯನಾಗಲು ಹೊರಟಿಲ್ಲ. ಎರಡು ನಿಮಿಷದಲ್ಲಿ ಚೀಟಿ ಬರೆದು ಕಳಿಸುವವರು ಹೇಳದೆ ಬಿಟ್ಟದ್ದನ್ನು ತಿಳಿಯಲು ಹೊರಟಿದ್ದಾನೆ.

ಆದುದರಿಂದ ಬಂಧುಗಳೆ, ಹುಡುಕಿರಿ. ಆದರೆ ಕಣ್ತೆರೆದು ಹುಡುಕಿರಿ. ರೋಗಲಕ್ಷಣದ ಜೊತೆಗೆ ನಿಮ್ಮ ಕಸುಬನ್ನೂ ಬರೆಯಿರಿ: 'ಹತ್ತಿ ದೂಳು, ರಜೆಯ ನಂತರ ಎದೆ ಬಿಗಿತ'. ಬರೆದವರು ಯಾರು, ಯಾವ ವರ್ಷದ್ದು, ಕೊನೆಯಲ್ಲಿ ಏನನ್ನಾದರೂ ಮಾರುತ್ತಾರೆಯೇ ನೋಡಿರಿ. ವಿಶ್ವ ಆರೋಗ್ಯ ಸಂಸ್ಥೆಯ ಪುಟಗಳಿವೆ. ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯವು 1998ರಲ್ಲಿ ಸಾಮಾನ್ಯ ಜನರಿಗಾಗಿ ತೆರೆದ ಮೆಡ್‌ಲೈನ್‌ಪ್ಲಸ್ ಇದೆ. ಅಲ್ಲಿ ಜಾಹೀರಾತಿಲ್ಲ, ಶುಲ್ಕವಿಲ್ಲ. ಓದಿದ್ದನ್ನು ಇ.ಎಸ್.ಐ. ವೈದ್ಯರ ಮುಂದಿಟ್ಟು ಪ್ರಶ್ನೆ ಕೇಳಿರಿ. ನುಂಗುತ್ತಿರುವ ಔಷಧವನ್ನು ಮೊಬೈಲಿನ ಮಾತಿಗೆ ನಿಲ್ಲಿಸಬೇಡಿರಿ.

ಆದರೆ ಇಂಥ ವಿಶ್ವಾಸಾರ್ಹ ಜ್ಞಾನದ ಬಹುಭಾಗ ಇಂಗ್ಲಿಷಿನಲ್ಲಿದೆ. ಪುಡಿ ಮಾರುವವನು ಮಾತ್ರ ಅಚ್ಚಗನ್ನಡದಲ್ಲಿ ಮಾತನಾಡುತ್ತಾನೆ! ಇಂಗ್ಲಿಷ್ ಬಲ್ಲವನಿಗೆ ವಿಜ್ಞಾನ, ಕನ್ನಡ ಬಲ್ಲವನಿಗೆ ಜಾಹೀರಾತು ಎಂಬುದು ಯಾವ ಸೀಮೆಯ ಸಮಾನತೆ? ಉದ್ಯೋಗದ ರೋಗಗಳ ಪಟ್ಟಿ, ಲಕ್ಷಣ, ಪರಿಹಾರ ಪಡೆಯುವ ಕ್ರಮವನ್ನು ಸರ್ಕಾರವು ತಿಳಿಗನ್ನಡದಲ್ಲಿ ಪ್ರಕಟಿಸಲಿ. ಪ್ರತಿ ಗಿರಣಿಯ ಬಾಗಿಲಲ್ಲಿ ಅಂಟಿಸಲಿ. ಇದು ಬೇಡುವ ಭಿಕ್ಷೆಯಲ್ಲ. ದೂಳು ಕುಡಿದವನ ಹಕ್ಕು.