ಬಾಣಲೆಯಲ್ಲಿ ಹಸಿರು

ಕೆಲಸ ತೀರಿದೊಡನೆ ಬದಿಗೆ ಸರಿಸಲ್ಪಟ್ಟವನನ್ನು ನಮ್ಮ ಜನ ಒಗ್ಗರಣೆಯ ಕರಿಬೇವಿಗೆ ಹೋಲಿಸುವುದುಂಟು. ಆದರೆ ಮದ್ದೂರು ವಡೆಯ ಮುಂದೆ ಈ ಹೋಲಿಕೆ ನಿಲ್ಲದು. ರವೆ, ಅಕ್ಕಿಹಿಟ್ಟು, ಮೈದಾ, ಈರುಳ್ಳಿಗಳೊಡನೆ ಹೆಚ್ಚಿದ ಕರಿಬೇವೂ ಅಲ್ಲಿ ಹಿಟ್ಟಿನಲ್ಲಿಯೇ ಬೆರೆತಿರುತ್ತದೆ. ಅದನ್ನು ಆರಿಸಿ ಎಸೆಯುವೆನೆಂದು ಹೊರಟರೆ ವಡೆಯನ್ನೇ ಎಸೆಯಬೇಕಾದೀತು!

ಬೀದಿಯ ಕರಿದ ತಿಂಡಿಗೆ ಸೊಪ್ಪು ಬರಿಯ ಅಲಂಕಾರವಲ್ಲ. ಯಾವ ತಿಂಡಿಗೆ ಯಾವ ಸೊಪ್ಪು ಎಂಬುದಕ್ಕೂ ಒಂದು ನ್ಯಾಯವಿದೆ. ಕಾದ ಎಣ್ಣೆಯ ಶಾಖ ಸುಮಾರು 170ರಿಂದ 180 ಡಿಗ್ರಿ ಸೆಲ್ಸಿಯಸ್. ದಪ್ಪನೆಯ ತಿಂಡಿಯ ಒಡಲಿನಲ್ಲಿಯಾದರೋ, ನೀರಿನಂಶವಿರುವವರೆಗೆ ಅದು 100 ಡಿಗ್ರಿಯನ್ನು ಅಷ್ಟಾಗಿ ದಾಟದು. ಹೊರಗೆ ಕರಿಯುತ್ತಿರುವಾಗ ಒಳಗೆ ಹಬೆಯಲ್ಲಿ ಬೇಯುತ್ತಿರುತ್ತದೆ. ತರಿತರಿಯಾಗಿ ರುಬ್ಬಿದ ಕಡಲೆಬೇಳೆಯ ಅಂಬೊಡೆಗೆ ಸಬ್ಬಸಿಗೆ ಅಷ್ಟು ಚೆನ್ನಾಗಿ ಒಪ್ಪುವುದು ಇದರಿಂದಲೇ. ಹೊರಮೈಯ ಎಸಳು ಗರಿಗರಿಯಾದರೂ ಒಳಗಿನದು ಹಸಿರಾಗಿಯೇ ಉಳಿದು, ಮುರಿದ ಕ್ಷಣ ಹಬೆಯೊಡನೆ ಪರಿಮಳವನ್ನು ಬಿಡುತ್ತದೆ. ಮದ್ದೂರು ವಡೆ ತೆಳ್ಳಗೆ ತಟ್ಟಿದ್ದು; ಅದಕ್ಕೆ ಒಳಗೆಂಬುದೇ ಕಡಿಮೆ. ಅಲ್ಲಿ ನಾಜೂಕಿನ ಸಬ್ಬಸಿಗೆಗಿಂತ ಎಣ್ಣೆಯ ಕಾವನ್ನು ತಾಳಬಲ್ಲ ಕರಿಬೇವೇ ಲೇಸು.

ದೊಡ್ಡಪತ್ರೆಯ ಬಜ್ಜಿಯಲ್ಲಿ ಎಲೆಯೇ ತಿಂಡಿ, ಹಿಟ್ಟು ಅದರ ಹೊದಿಕೆ. ರಸ ತುಂಬಿದ ಆ ದಪ್ಪ ಎಲೆಯಲ್ಲಿ ಓಮದ ಬಂಧುತ್ವವೂ ಉಂಟು: ಓಮಕ್ಕೆ ಘಮವನ್ನೀಯುವ ಥೈಮಾಲ್ ಮತ್ತು ಅದರ ಹತ್ತಿರದ ನೆಂಟನಾದ ಕಾರ್ವಕ್ರಾಲ್ ಎಂಬ ದ್ರವ್ಯಗಳು ಇಲ್ಲಿಯೂ ಇವೆ. ಹೀಗಾಗಿ ಈ ಬಜ್ಜಿಯ ಹಿಟ್ಟಿಗೆ ಬೇರೆ ಓಮ ಬೇಕಿಲ್ಲ. ಕೊತ್ತಂಬರಿಯ ಸುವಾಸನೆ ಶಾಖಕ್ಕೆ ಬೇಗನೆ ಹಾರಿಹೋಗುವಂಥದು. ಸೀಳಿದ ಮೆಣಸಿನಕಾಯಿ ಬಜ್ಜಿಯ ಮೇಲೆ ಈರುಳ್ಳಿಯ ಜೊತೆ ಹಸಿಯಾಗಿಯೇ ಅದು ಶೋಭಿಸುತ್ತದೆ.

ಮನೆಯಲ್ಲಿ ಮಾಡುವ ಗೃಹಿಣಿಯರು ತೊಳೆದ ಸೊಪ್ಪನ್ನು ಬಟ್ಟೆಯ ಮೇಲೆ ಹರಡಿ ತೇವವಾರಿಸಲಿ. ಒದ್ದೆ ಎಲೆ ಎಣ್ಣೆಯನ್ನು ಸಿಡಿಸುತ್ತದೆ, ಹಿಟ್ಟನ್ನೂ ಸಡಿಲಿಸುತ್ತದೆ. ಹೆಚ್ಚುವುದು, ಉಪ್ಪು ಬೆರೆಸುವುದು ಎರಡೂ ಕಡೆಯ ಗಳಿಗೆಯ ಕೆಲಸ.

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆಯ ಮಾತು. ಹಿಟ್ಟಿನಿಂದ ಕಳಚಿಕೊಂಡ ಸೊಪ್ಪಿನ ಚೂರುಗಳು ಎಣ್ಣೆಯಲ್ಲಿಯೇ ಉಳಿದರೆ ಸೀದು ಅದನ್ನು ಕಪ್ಪಾಗಿಸುತ್ತವೆ. ಆಗಾಗ ಜಾಲರಿಯಿಂದ ಎತ್ತಿಬಿಡಬೇಕು. ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಹಳಸಿದ ಎಣ್ಣೆಯ ವಾಸನೆಗೆ ಸೊಪ್ಪಿನ ಘಮ ಒಳ್ಳೆಯ ಮರೆಯಾಗಬಲ್ಲದು. ಪದೇ ಪದೇ ಕಾಯಿಸಿದ ಎಣ್ಣೆಯಲ್ಲಿ ಸೇರಿಕೊಳ್ಳುವ ಧ್ರುವೀಯ ಸಂಯುಕ್ತಗಳು ಶೇಕಡಾ 25ನ್ನು ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ 2018ರ ಜುಲೈ 1ರಂದು ಜಾರಿಗೆ ಬಂದಿತು. ಆದರೆ ಸಂಜೆ ಮಕ್ಕಳ ಕೈಹಿಡಿದು ಗಾಡಿಯ ಮುಂದೆ ನಿಂತವರ ಬಳಿ ಅದನ್ನಳೆಯುವ ಯಂತ್ರವೆಲ್ಲಿಯದು? ಇಂಥಲ್ಲಿ ಮೂಗಿನ ಸಾಕ್ಷ್ಯವೊಂದೇ ಸಾಲದು, ಕಣ್ಣಿನದೂ ಬೇಕು. ಎಣ್ಣೆ ಕಪ್ಪಾಗಿ ಮಂದವಾಗಿದ್ದರೆ, ಎಡೆಬಿಡದೆ ನೊರೆಯುಕ್ಕಿ ಹೊಗೆಯಾಡುತ್ತಿದ್ದರೆ, ಸಬ್ಬಸಿಗೆ ಎಷ್ಟೇ ಕರೆದರೂ ಮುಂದೆ ನಡೆಯುವುದೇ ಕ್ಷೇಮ.

ವ್ಯಾಪಾರಿಯ ಪಾಡನ್ನೂ ನೆನೆಯಬೇಕು. ಸೊಪ್ಪಿನ ಕಟ್ಟಿಗೂ ಹೊಸ ಎಣ್ಣೆಗೂ ಆತ ದಿನವೂ ಹಣ ತೆರಬೇಕು. ಎರಡು ರೂಪಾಯಿಗೆ ಚೌಕಾಶಿಗಿಳಿಯುವ ಗಿರಾಕಿ ಆತನಿಂದ ಮೊದಲು ಸೊಪ್ಪನ್ನು ಬಿಡಿಸುತ್ತಾನೆ, ಆಮೇಲೆ ಹಳೆಯ ಎಣ್ಣೆಯನ್ನೇ ಉಳಿಸಿಕೊಳ್ಳುವಂತೆ ಮಾಡುತ್ತಾನೆ. ಬಾಣಲೆ ಶುಚಿಯಾಗಿದ್ದು ಅಂಬೊಡೆಯಲ್ಲಿ ಹಸಿರು ಕಂಡರೆ, ಕೇಳಿದ ಬೆಲೆಯನ್ನು ಸಂತೋಷದಿಂದ ಕೊಟ್ಟುಬಿಡಿ.