ಬಿಲ್ಲು ಸೊನ್ನೆ ರೂಪಾಯಿ

ಊಟ ಮುಗಿಸಿ ಕೈ ತೊಳೆದು ಬಂದಾಗ ಎದುರಿಗಿಟ್ಟ ಬಿಲ್ಲಿನಲ್ಲಿ ಸೊನ್ನೆ ಅಂತ ಇದ್ದರೆ ಏನು ಮಾಡ್ತೀರಿ? ಹೊಟ್ಟೆ ತುಂಬಿದ್ದಕ್ಕಿಂತ ಹೆಚ್ಚಾಗಿ ಗಾಬರಿ ಆಗುತ್ತೆ, ಅಲ್ವಾ? :)

ಅಮೆರಿಕದ ಬರ್ಕ್ಲಿಯಲ್ಲಿ 2007ರಲ್ಲಿ ಶುರುವಾದ ‘ಕರ್ಮ ಕಿಚನ್’ ಮಾಡಿದ್ದು ಇದನ್ನೇ. ಸ್ವಂತ ಹೋಟೆಲ್ ಇಲ್ಲ. ಇದ್ದ ಒಂದು ಹೋಟೆಲನ್ನೇ ವಾರಕ್ಕೊಂದು ದಿನ ಎರವಲು ಪಡೆದರು. ಬಡಿಸೋರು, ಎಲ್ಲವನ್ನೂ ನೋಡಿಕೊಳ್ಳೋರು ಸ್ವಯಂಸೇವಕರು. ನಿಮ್ಮ ಊಟದ ಖರ್ಚನ್ನು ನಿಮಗಿಂತ ಮುಂಚೆ ಬಂದವರು ಕೊಟ್ಟಾಗಿದೆ, ನಿಮಗೆ ಮನಸ್ಸಿದ್ದರೆ ಮುಂದೆ ಬರುವವರಿಗಾಗಿ ಏನಾದರೂ ಇಡಿ, ಅಷ್ಟೆ. ಈ ಪದ್ಧತಿ ಅದಕ್ಕೂ ಮುಂಚೆಯೇ ನಮ್ಮ ದೇಶದಲ್ಲಿತ್ತು. ಅಹಮದಾಬಾದಿನ ಸೇವಾ ಕೆಫೆ ನಡೆದಿದ್ದೂ ಇದೇ ದಾರಿಯಲ್ಲಿ.

ಹಾಗೆ ನೋಡಿದರೆ ಇದರಲ್ಲಿ ಹೊಸದೇನು ಅಂತ ನೀವು ಕೇಳಬಹುದು. ಹನ್ನೆರಡನೇ ಶತಮಾನದಲ್ಲೇ ಶರಣರು ಕಾಯಕದ ಜೊತೆ ದಾಸೋಹವನ್ನೂ ಇಟ್ಟರು. ತುಮಕೂರಿನ ಸಿದ್ಧಗಂಗೆಯಲ್ಲಿ, ಧರ್ಮಸ್ಥಳದಲ್ಲಿ ಊಟಕ್ಕೆ ಕೂತವರನ್ನು ಯಾರೂ ದುಡ್ಡು ಕೇಳುವುದಿಲ್ಲ. ಗುರುದ್ವಾರದ ಲಂಗರಿನಲ್ಲೂ ಅಷ್ಟೆ. ಆದರೆ ಒಂದು ವ್ಯತ್ಯಾಸ ಇದೆ. ಅಲ್ಲೆಲ್ಲ ಹಸಿದವನೂ ಹೊಟ್ಟೆ ತುಂಬಿದವನೂ ಒಂದೇ ಸಾಲಿನಲ್ಲಿ ಕೂರ್ತಾರೆ. ನಗರಗಳ ಒಂದು ದಿನದ ಚಾರಿಟಿ ಹೋಟೆಲಿಗೆ ಹೋಗೋರು ಮಾತ್ರ ಬಹುಪಾಲು ನಮ್ಮ ನಿಮ್ಮಂಥವರೇ. ಮನೆಯಲ್ಲಿ ಫ್ರಿಜ್ಜು ತುಂಬಿದವರು!

ಹಾಗಂತ ಇದೆಲ್ಲ ಬರೀ ಶೋಕಿ ಅಂತ ತಳ್ಳಿಹಾಕೋಕೆ ಆಗಲ್ಲ. 2014ರಲ್ಲಿ ಪ್ರಕಟವಾದ ಮಿನಾ ಜಂಗ್ ಮತ್ತು ಸಂಗಡಿಗರ ಅಧ್ಯಯನ ಸ್ವಾರಸ್ಯವಾಗಿದೆ. ‘ನಿಮಗಿಷ್ಟ ಬಂದಷ್ಟು ಕೊಡಿ’ ಅಂದಾಗ ಕೊಡುವುದಕ್ಕಿಂತ, ‘ನಿಮ್ಮದನ್ನು ಇನ್ನೊಬ್ಬರು ಕೊಟ್ಟಿದ್ದಾರೆ, ನೀವು ಮುಂದಿನವರಿಗೆ ಕೊಡಿ’ ಅಂದಾಗ ಜನ ಜಾಸ್ತಿ ಕೊಡ್ತಾರಂತೆ. ಕಾರಣ? ಉಳಿದವರು ತುಂಬ ಉದಾರಿಗಳು ಅಂತ ನಾವು ಅಂದುಕೊಂಡಿರ್ತೀವಿ!

ಆದರೆ ಒಳ್ಳೆ ಮನಸ್ಸಿನಿಂದ ಮಾತ್ರ ಒಲೆ ಉರಿಯಲ್ಲ. ಪನೇರಾ ಎಂಬ ದೊಡ್ಡ ಅಮೆರಿಕನ್ ಕಂಪನಿ 2010ರಲ್ಲಿ ‘ಪನೇರಾ ಕೇರ್ಸ್’ ಅಂತ, ಕೈಲಾದಷ್ಟು ಕೊಡುವ ಹೋಟೆಲುಗಳನ್ನು ತೆರೆಯಿತು. ಬಂದ ಹಣ ಖರ್ಚಿಗೆ ಸಾಲದೆ, ಕೊನೆಯ ಹೋಟೆಲು 2019ರಲ್ಲಿ ಬಾಗಿಲು ಹಾಕಿತು. ಎರವಲು ಜಾಗದಲ್ಲಿ ಒಂದು ದಿನ ಮಾತ್ರ ನಡೆಸುವುದರ ಜಾಣತನ ಇರುವುದು ಇಲ್ಲೇ. ಬಾಡಿಗೆ ಇಲ್ಲ, ಸಂಬಳ ಇಲ್ಲ, ಉಳಿಯುವುದು ಅಕ್ಕಿ ಬೇಳೆ ಗ್ಯಾಸಿನ ಖರ್ಚು.

ಹಾಗಾಗಿ ನನ್ನದು ಎರಡೇ ತಕರಾರು. ಒಂದು, ಲೆಕ್ಕ. ‘ಹಣ ಸತ್ಕಾರ್ಯಕ್ಕೆ’ ಅಂತ ಬೋರ್ಡು ಹಾಕಿದರೆ ಸಾಲದು. ಎಷ್ಟು ಬಂತು, ಎಷ್ಟು ಖರ್ಚಾಯ್ತು, ಉಳಿದದ್ದು ಎಲ್ಲಿಗೆ ಹೋಯ್ತು ಅನ್ನೋದನ್ನು ಊಟ ಮುಗಿದ ಮರುದಿನವೇ ಗೋಡೆಗೆ ಅಂಟಿಸಬೇಕು. ಯಾರು ಎಷ್ಟು ಕೊಟ್ಟರು ಅನ್ನೋದು ಬೇಡ. ಅದನ್ನು ಬರೆದರೆ ದಾನ ಹೋಗಿ ಪೈಪೋಟಿ ಉಳಿಯುತ್ತೆ.

ಎರಡನೆಯದು, ಪಂಕ್ತಿ. ಯಾರ ಹೆಸರಿನಲ್ಲಿ ಊಟ ಮಾಡ್ತೀವೋ ಅವರೂ ಅದೇ ಸಾಲಿನಲ್ಲಿ ಕೂರಬೇಕು. ನಾವು ತಿಂದು ಉಳಿದ ದುಡ್ಡನ್ನು ಅವರಿಗೆ ಕಳಿಸುವುದು ದಾನ ಸರಿ, ದಾಸೋಹ ಅಲ್ಲ.

ನಾವು ಮುಂಬೈ ಕನ್ನಡಿಗರು ಇದನ್ನು ಮಾಡಬಹುದಲ್ವಾ? ಪರೇಲಿನ ಟಾಟಾ ಆಸ್ಪತ್ರೆಯ ಸುತ್ತಮುತ್ತಲ ಫುಟ್‌ಪಾತಿನಲ್ಲಿ ದಿನ ದೂಡುವ ರೋಗಿಗಳ ಕಡೆಯವರನ್ನು ನೋಡದವರು ಯಾರಿದ್ದಾರೆ? ಅವರಲ್ಲಿ ನಮ್ಮ ಕಡೆಯಿಂದ ಬಂದವರೂ ಇರ್ತಾರೆ. ಊರಿನ ಸಾರಿನ ರುಚಿ, ಊರಿನ ಮಾತು ಎರಡೂ ಅವರಿಗೆ ಎಷ್ಟೋ ದಿನದಿಂದ ಸಿಕ್ಕಿರಲ್ಲ. ಇನ್ನು ನಮ್ಮಲ್ಲಿ ಹಾಲುಗಳಿಗೆ ಬರವೇ? ಮಾಟುಂಗದ ಮೈಸೂರು ಅಸೋಸಿಯೇಷನ್ 1926ರದ್ದು. ಅಲ್ಲಿಂದ ಹಿಡಿದು ಉಪನಗರಗಳ ಸಣ್ಣ ಸಂಘಗಳವರೆಗೆ ಎಷ್ಟೊಂದಿವೆ. ಯಾವುದಾದರೂ ಒಂದು ಸಂಘ ತಿಂಗಳಿಗೊಂದು ಭಾನುವಾರ ಒಂದು ಹೊತ್ತು ಹಾಲ್ ಬಿಟ್ಟುಕೊಟ್ಟರೆ ಸಾಕು. ಅನ್ನ, ಸಾರು, ಪಲ್ಯ, ಮಜ್ಜಿಗೆ. ಸನ್ಮಾನ ಬೇಡ, ಶಾಲು ಬೇಡ, ಭಾಷಣವಂತೂ ಬೇಡವೇ ಬೇಡ.

ಬಡಿಸೋಕೆ ನಾನು ರೆಡಿ. ನೀವೇನಂತೀರಿ?